ರಿಮೋಟಕ್ಕನ ನಾಲ್ಕು ಗಂಟೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ಯಾರ ಬಗ್ಗೆ ಬರೆಯಲು ಕೂತಿದ್ದೇನೋ ಆ ಹೆಂಗಸಿನ ಮೇಲೆ ನಾನು ಎಷ್ಟು ಸಲ ಹಾರಾಡಿದ್ದೇನೆ ಎಂಬುದು ಆ ಆಸ್ಪತ್ರೆಯ ಗೋಡೆಗಳಿಗೂ ಗೊತ್ತು. ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಟೈಮ್ ಕೀಪರ್ ಆಗಿದ್ದವನು ನಾನು. ಬಸ್ಸು ಬಂದ ವೇಳೆ, ಹೊರಟ ವೇಳೆ ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಎರಡು ನಿಮಿಷ ತಡವಾಗಿ ಬಂದ ಡ್ರೈವರನ ಬೆವರಿಳಿಸುವುದು ನನ್ನ ಕೆಲಸವಾಗಿತ್ತು. ಗಡಿಯಾರ ನೋಡದೆ ಟೈಮ್ ಹೇಳುತ್ತೇನೆಂದು ಪಂಥ ಕಟ್ಟಿ ಎಷ್ಟೋ ಸಲ ಗೆದ್ದಿದ್ದೇನೆ. ಡ್ರೈವರುಗಳು ನನ್ನ ಬೆನ್ನ ಹಿಂದೆ ಏನೇನು ಕರೆಯುತ್ತಿದ್ದರೋ ದೇವರೇ ಬಲ್ಲ, ಎದುರಿಗೆ ಮಾತ್ರ 'ಟೈಮ್ ಸಾರ್' ಅನ್ನುತ್ತಿದ್ದರು.

ಅಂಥವನ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಡಯಾಲಿಸಿಸ್. ಎಡಗೈಗೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಹೋಗುತ್ತದೆ, ಯಂತ್ರ ಅದನ್ನು ತೊಳೆಯುತ್ತದೆ, ಮೈಯಲ್ಲಿ ನಿಂತ ನೀರನ್ನೂ ಎಳೆದುಹಾಕುತ್ತದೆ, ಇನ್ನೊಂದರಿಂದ ರಕ್ತ ಒಳಗೆ ಬರುತ್ತದೆ. ಹೇಳುವುದಕ್ಕೆ ಇಷ್ಟೇ. ಮಲಗಿರುವುದಕ್ಕೆ ನಾಲ್ಕು ಗಂಟೆ. ಸೂಜಿ ಚುಚ್ಚುವ ಕೈಗೆ ವಾಚು ಕಟ್ಟಬಾರದೆಂದರು. ಮೂವತ್ತೊಂದು ವರ್ಷ ಎಡಗೈಗೆ ಕಟ್ಟಿದ ವಾಚನ್ನು ಬಲಗೈಗೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಬಿಚ್ಚಿ ಬೀರುವಿನಲ್ಲಿಟ್ಟೆ.

ಆ ಕೋಣೆಯಲ್ಲಿ ಆರು ಹಾಸಿಗೆ, ಆರು ಯಂತ್ರ, ಎದುರು ಗೋಡೆಯ ಮೇಲೆ ಒಂದು ಹಳೆಯ ಟಿವಿ, ಮತ್ತು ಇವೆಲ್ಲಕ್ಕೂ ಒಡತಿ ರಿಮೋಟಕ್ಕ. ಟೆಕ್ನಿಷಿಯನ್ ಎಂದು ಅವಳ ಎದೆಯ ಬಿಲ್ಲೆಯಲ್ಲಿ ಬರೆದಿದ್ದರೂ ಆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಟಿವಿಯ ರಿಮೋಟು ಸದಾ ಅವಳ ಕೋಟಿನ ಬಲ ಜೇಬಿನಲ್ಲಿರುತ್ತಿತ್ತು. ಡಾಕ್ಟರು ಕೇಳಿದರೂ ಕೊಡುತ್ತಿರಲಿಲ್ಲ. ಒಮ್ಮೆ ದೊಡ್ಡ ಡಾಕ್ಟರು ಕ್ರಿಕೆಟ್ ಸ್ಕೋರು ನೋಡಲು ಕೈ ಚಾಚಿದಾಗ, "ನೀವು ರಿಪೋರ್ಟ್ ನೋಡಿ ಸಾರ್, ಸ್ಕೋರು ನಾನು ಕೇಳಿ ಹೇಳ್ತೀನಿ" ಅಂದಳಂತೆ. ಐದನೇ ಹಾಸಿಗೆಯ, ಎಪ್ಪತ್ತು ದಾಟಿದ ಮೇಷ್ಟ್ರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಆಕೆಗೆ ನಲವತ್ತೆರಡಿರಬೇಕು.

ನೆಲ ಒರೆಸುವ ಕೆಲಸಕ್ಕೆ ಆ ಆಸ್ಪತ್ರೆಗೆ ಸೇರಿದವಳು ಆಕೆ. ಕೆಲಸ ಮಾಡುತ್ತಲೇ ಸಂಜೆ ಕಾಲೇಜಿಗೆ ಹೋಗಿ ಕೋರ್ಸು ಮುಗಿಸಿ, ಅದೇ ನೆಲದ ಮೇಲೆ ಬಿಳಿ ಕೋಟು ಹಾಕಿಕೊಂಡು ನಡೆದಾಡಿದಳು. ಆದರೂ ನೆಲದ ಮೇಲೆ ಒಂದು ಹನಿ ಬಿದ್ದರೆ ಆಯಾಳನ್ನು ಕೂಗುತ್ತಿರಲಿಲ್ಲ, ತಾನೇ ಬಗ್ಗಿ ಒರೆಸಿ ಕೈತೊಳೆದು ಬರುತ್ತಿದ್ದಳು. ಬೆಳಗಿನ ತಿಂಡಿಯ ಡಬ್ಬಿಯನ್ನು ಸಿಂಕಿನ ಪಕ್ಕದ ಕಟ್ಟೆಯ ಮೇಲಿಟ್ಟು ನಿಂತುಕೊಂಡೇ ತಿನ್ನುವುದು, ತಿನ್ನುವಾಗಲೂ ಕಣ್ಣು ಯಂತ್ರಗಳ ಮೇಲೆ. ಸೂಜಿ ಹಾಕುವುದರಲ್ಲಂತೂ ಅವಳ ಕೈಗುಣವೇ ಬೇರೆ. "ಸ್ವಲ್ಪ ಚುರ್ ಅನ್ನುತ್ತೆ" ಅನ್ನುವಷ್ಟರಲ್ಲಿ ಎರಡೂ ಸೂಜಿ ಒಳಗಿರುತ್ತಿದ್ದವು.

ಇನ್ನು ಅವಳ ಕಾನೂನುಗಳು. ಗೋಡೆ ಗಡಿಯಾರವನ್ನು ಇಳಿಸಿಬಿಟ್ಟಿದ್ದಳು. ಫೋನುಗಳನ್ನು ಬಾಗಿಲ ಹೊರಗಿನ ಬೀಗದ ಪೆಟ್ಟಿಗೆಯಲ್ಲಿ ಹಾಕಿ ಬರಬೇಕು. ಯಾರೋ ಒಬ್ಬರು ಫೋನು ಹಿಡಿಯಲು ಕೈ ಎಳೆದುಕೊಂಡು, ಸೂಜಿ ಕಿತ್ತು ರಕ್ತ ಚಿಮ್ಮಿದಂದಿನಿಂದ ಆ ನಿಯಮ. ಯಂತ್ರದ ಮೇಲೆ ಇನ್ನೆಷ್ಟು ಗಂಟೆ, ನಿಮಿಷ ಬಾಕಿ ಎಂದು ಅಂಕಿಗಳು ಮಿನುಗುತ್ತಿರುತ್ತವೆ. ಆ ಅಂಕಿಗಳ ಮೇಲೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ ಅಂಟಿಸಿದ್ದಳು. ತಾನು ನೋಡಬೇಕಾದಾಗ ಉಗುರಿನಿಂದ ಎತ್ತಿ ನೋಡಿ ಮತ್ತೆ ಒತ್ತಿಬಿಡುತ್ತಿದ್ದಳು. ಟಿವಿಯಲ್ಲಿ ವಾರ್ತೆಗಳ ಚಾನೆಲ್ ಹಾಕುತ್ತಿರಲಿಲ್ಲ, ಅದರ ಮೂಲೆಯಲ್ಲಿ ಟೈಮ್ ಬರುತ್ತದಲ್ಲ.

"ಅದನ್ನೇ ನೋಡ್ತಾ ಮಲಗಿದ್ರೆ ಅದು ಓಡಲ್ಲ ಸಾರ್" ಅಂದಳು ನಾನು ಮೊದಲ ದಿನ ತಕರಾರು ತೆಗೆದಾಗ.

"ಓಡದೇ ಇರೋಕೆ ಅದೇನು ನಿಮ್ಮ ಮನೆ ಹಸುನಾ? ಒಂದು ನಿಮಿಷ ಅಂದ್ರೆ ಅರವತ್ತು ಸೆಕೆಂಡು, ನೋಡಿದ್ರೂ ಅಷ್ಟೇ, ನೋಡದಿದ್ರೂ ಅಷ್ಟೇ" ಎಂದು ಗದರಿದೆ. ಆಕೆ ನಕ್ಕು ಮುಂದಿನ ಹಾಸಿಗೆಗೆ ಹೋದಳು.

ಮೊದಲ ಎರಡೂ ಮುಕ್ಕಾಲು ಗಂಟೆ ಹೇಗೋ ಹೋಗುತ್ತಿತ್ತು. ನಿದ್ದೆ, ಹರಟೆ, ಟಿವಿಯಲ್ಲಿ ಯಾವುದೋ ಹಳೆಯ ಧಾರಾವಾಹಿ. ಕೊನೆಯ ಒಂದೂಕಾಲು ಗಂಟೆಯೇ ಕಷ್ಟ. ಕಾಲು ಸೆಳೆಯುತ್ತದೆ, ಬೆನ್ನು ಉರಿಯುತ್ತದೆ, ಎಲ್ಲರೂ 'ಸಾಕಮ್ಮ, ತೆಗೀಮ್ಮ' ಎಂದು ಶುರುಮಾಡುವ ಹೊತ್ತು. ಸರಿಯಾಗಿ ಆಗ ರಿಮೋಟಕ್ಕ ಜೇಬಿಗೆ ಕೈ ಹಾಕಿ, ಪೆನ್ ಡ್ರೈವಿನಲ್ಲಿ ತಂದಿಟ್ಟ ಸಿನಿಮಾ ಹಾಕುತ್ತಿದ್ದಳು. ಅರ್ಧ ಸಿನಿಮಾ ಮಾತ್ರ. ಮಧ್ಯಂತರ ಬರುವುದಕ್ಕೂ ಯಂತ್ರ ನಿಲ್ಲುವುದಕ್ಕೂ ಸರಿಹೋಗಬೇಕು, ಬೇಕಾದರೆ ಮಧ್ಯಂತರವೇ ಐದು ನಿಮಿಷ ತಡವಾಗಬೇಕು. ಮಧ್ಯಂತರದ ಹೊತ್ತಿಗೆ ಕಥೆಯಲ್ಲಿ ಯಾರಾದರೊಬ್ಬರ ಕುತ್ತಿಗೆಗೆ ಬಂದಿರುತ್ತದೆ, ಅದನ್ನು ಬಿಟ್ಟು 'ನನ್ನನ್ನು ಬಿಚ್ಚು' ಎಂದು ಯಾರೂ ಕೇಳುತ್ತಿರಲಿಲ್ಲ. ಉಳಿದರ್ಧ ಮುಂದಿನ ಸರದಿಗೆ. ಮಳೆ ಬರಲಿ, ನೆಂಟರು ಬರಲಿ, ಆ ಉಳಿದರ್ಧಕ್ಕಾಗಿ ಜನ ತಪ್ಪದೆ ಬರುತ್ತಿದ್ದರು. ಎರಡನೇ ಹಾಸಿಗೆಯ ಟೈಲರಮ್ಮ ತಂಗಿಯ ಮಗಳ ಮದುವೆಯನ್ನೇ ಅರ್ಧಕ್ಕೆ ಬಿಟ್ಟು ಬಂದಿದ್ದರು. ಕೇಳಿದರೆ, "ಮದುವೆ ಕಥೆ ಗೊತ್ತಿರೋದೇ, ಇದರದ್ದು ಗೊತ್ತಿಲ್ವಲ್ಲ" ಅಂದರು.

ಟೈಮ್ ಕೀಪರನಿಗೆ ಟೈಮಿನ ವಿಷಯದಲ್ಲಿ ಟೋಪಿ ಹಾಕಲಾಗುತ್ತದೆಯೇ? ಎರಡನೇ ವಾರದಲ್ಲೇ ನಾನು ಈ ಕಿತಾಪತಿ ಕಂಡುಹಿಡಿದೆ.

"ಏನಮ್ಮಾ, ನಾವೇನು ಎಳೇ ಮಕ್ಕಳಾ? ಬೊಂಬೆ ತೋರಿಸಿ ತುತ್ತು ಹಾಕ್ತಾ ಇದೀಯಾ?"

"ಮಕ್ಕಳಾದ್ರೆ ಸುಲಭ ಸಾರ್, ಬೊಂಬೆ ಸಾಕು. ನಿಮಗೆ ಎರಡೂವರೆ ಗಂಟೆ ಸಿನಿಮಾ ಬೇಕು."

ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಹಟಕ್ಕೆ ಬಿದ್ದೆ. ಸಿನಿಮಾದಲ್ಲಿ ಎರಡನೇ ಹಾಡು ಮುಗಿದರೆ ಹತ್ತೂವರೆ ಎಂದು ಮನಸ್ಸಿನಲ್ಲೇ ಗುಣಿಸಿ, "ನನಗೆ ಸಾಕು, ಕಾಗದ ಕೊಡು" ಅನ್ನುತ್ತಿದ್ದೆ. ಸ್ವಂತ ಜವಾಬ್ದಾರಿಯ ಮೇಲೆ ಚಿಕಿತ್ಸೆ ಬೇಗ ನಿಲ್ಲಿಸಿಕೊಳ್ಳುತ್ತಿದ್ದೇನೆ ಎಂದು ರೋಗಿ ಸಹಿ ಹಾಕುವ ಕಾಗದ ಅದು. ನಿಲ್ಲಿಸಿದ ವೇಳೆ, ಕಾರಣ ಎಂದು ಎರಡು ಖಾನೆ. ಕಾರಣದ ಖಾನೆಯಲ್ಲಿ ಪ್ರತಿಸಲವೂ 'ಸ್ವಂತ ಕೆಲಸ' ಎಂದು ಬರೆಯುತ್ತಿದ್ದೆ. ರಿಮೋಟಕ್ಕ ಮೊದಮೊದಲು ಬೇಡಿಕೊಂಡಳು, ಆಮೇಲೆ ಡಾಕ್ಟರನ್ನು ಕರೆಸಿದಳು.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. "ನೀವು ಬಿಟ್ಟುಹೋಗೋ ಅರ್ಧ ಗಂಟೆಯ ನೀರು ಎಲ್ಲಿಗೂ ಹೋಗಲ್ಲ. ನಿಮ್ಮ ಹೃದಯ ಅದನ್ನ ಹೊರಬೇಕು. ಈಗಾಗಲೇ ಅದು ದೊಡ್ಡದಾಗಿದೆ. ಹೀಗೇ ಮಾಡಿದ್ರೆ ಇನ್ನೊಂದು ವರ್ಷ ಹೊರಬಹುದು, ಆಮೇಲೆ ನಾನು ಹೇಳಲಾರೆ."

ಕಾಲು ಊದುತ್ತಿತ್ತು, ಮೂರು ದಿಂಬಿಟ್ಟುಕೊಂಡು ಮಲಗುತ್ತಿದ್ದೆ, ಎಲ್ಲ ನಿಜ. ಆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಾರಕ್ಕೆ ಹನ್ನೆರಡು ಗಂಟೆ ಯಂತ್ರ ತಿನ್ನುತ್ತಿದೆ, ನನ್ನದೇ ಬದುಕಿನಿಂದ ಅರ್ಧರ್ಧ ಗಂಟೆ ವಾಪಸ್ ಕಿತ್ತುಕೊಳ್ಳುತ್ತಿದ್ದೇನೆ, ಅದರಲ್ಲಿ ಯಾರಪ್ಪನ ಗಂಟು ಹೋಗುತ್ತದೆ ಎಂದು ವಾದ ಮಾಡಿದೆ. ನನ್ನ ಹೆಂಡತಿ ಹೊರಗಿನ ಬೆಂಚಿನಲ್ಲಿ ಕೂತು ಡಾಕ್ಟರ ಮುಂದೆ ಅತ್ತಳಂತೆ. "ಇವರಿಗೆ ಬದುಕೋ ಮನಸ್ಸೇ ಹೋಗಿದೆ ಡಾಕ್ಟರೇ" ಅಂದಳಂತೆ. ಟೈಲರಮ್ಮ ಇದನ್ನು ನನಗೆ ಹೇಳಿದಾಗ, ಹೆಂಗಸರಿಗೆ ಎಲ್ಲದಕ್ಕೂ ಕಣ್ಣೀರು ಎಂದು ಬಾಯಿ ಮುಚ್ಚಿಸಿದೆ. ಆದರೆ ಅವಳು ಹೇಳಿದ್ದು ಸುಳ್ಳು ಎಂದು ಎದೆ ತಟ್ಟಿ ಹೇಳಲು ಆಗಲಿಲ್ಲ.

ಹಾಗೆ ಕಿತ್ತುಕೊಂಡು ತಂದ ಅರ್ಧ ಗಂಟೆಯಲ್ಲಿ ನಾನು ಮಾಡುತ್ತಿದ್ದುದಾದರೂ ಏನು? ಮನೆಗೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಫೋನು ತೆಗೆಯುತ್ತಿದ್ದೆ. ಯಾರೋ ಕುಣಿಯುತ್ತಾರೆ, ಯಾವುದೋ ಬೆಕ್ಕು ಬೀಳುತ್ತದೆ, ಯಾರೋ ಗೋಡೆಗೆ ಬಣ್ಣ ಬಳಿಯುತ್ತಾರೆ, ಹೆಬ್ಬೆರಳು ತಳ್ಳಿದರೆ ಇನ್ನೊಂದು. ಒಂದು ದಿನ ಹೆಂಡತಿ ಅರ್ಧ ಲೋಟ ಚಹಾ ತಂದಿಟ್ಟಳು. ದಿನಕ್ಕೆ ನನಗೆ ಅಷ್ಟೇ ಅಪ್ಪಣೆ. ಬಾಯಿಗಿಟ್ಟರೆ ತಣ್ಣಗೆ ಕೊರೆಯುತ್ತಿತ್ತು, ಮೇಲೆ ಕೆನೆ ಕಟ್ಟಿತ್ತು.

"ಬಿಸಿ ಚಹಾ ಕೊಡೋಕೂ ಆಗಲ್ವಾ ಈ ಮನೇಲಿ?" ಎಂದು ಕೂಗಿದೆ.

"ತಂದಿಟ್ಟು ಒಂದು ಗಂಟೆ ಹತ್ತು ನಿಮಿಷ ಆಯ್ತು" ಅಂದಳು ಅವಳು, ಸೊಪ್ಪು ಬಿಡಿಸುತ್ತಲೇ. "ಎರಡು ಸಲ ಕೂಗಿದೆ. ಹೂಂ ಅಂದ್ರಿ."

ಹತ್ತು ನಿಮಿಷವಾಗಿರಬಹುದು ಎಂದುಕೊಂಡಿದ್ದೆ. ಮೇಲಿಂದ, "ಅಷ್ಟು ಹೊತ್ತು ಏನ್ ನೋಡಿದ್ರಿ?" ಎಂದು ಕೇಳಿದಳು. ಬೆಕ್ಕೊಂದನ್ನು ಬಿಟ್ಟು ಏನೂ ನೆನಪಾಗಲಿಲ್ಲ. ಕಸಿವಿಸಿಯಾಯಿತು, ಅದಕ್ಕೇ ಇನ್ನಷ್ಟು ಜೋರಾಗಿ ಕೂಗಿದೆ.

ಇದಾಗಿ ಒಂದು ತಿಂಗಳಿಗೆ ಆ ಬೆಳಗು ಬಂತು. ಏಳು ಗಂಟೆಗೆ ಸೂಜಿ ಹಾಕಿಸಿಕೊಂಡು ಮಲಗಿದೆವು. ರಿಮೋಟಕ್ಕ ಟಿವಿ ಹಚ್ಚಿದರೆ ಅದು ಒಮ್ಮೆ ಗೊರ್ ಎಂದು ಕಪ್ಪಾಯಿತು. ಹಿಂದೆ ಮುಂದೆ ತಟ್ಟಿ ನೋಡಿದಳು, ತಂತಿ ಬಿಚ್ಚಿ ಹಾಕಿದಳು, ಜಪ್ಪಯ್ಯ ಅಂದರೂ ಬರಲಿಲ್ಲ. "ಇವತ್ತು ಅದಕ್ಕೂ ರಜ" ಎಂದು ಕೆಲಸಕ್ಕೆ ಹೋದಳು.

ಮಲಗಿದೆ. ಚಾವಣಿ ನೋಡಿದೆ. ಫ್ಯಾನಿಗೆ ಮೂರು ರೆಕ್ಕೆ, ಒಂದರ ತುದಿ ಸ್ವಲ್ಪ ಬಗ್ಗಿದೆ. ಕಿಟಕಿಗೆ ಮಸುಕು ಗಾಜು, ಬಿಸಿಲು ಎಲ್ಲಿಗೆ ಬಂತೆಂದು ತಿಳಿಯುವಂತಿಲ್ಲ. ಮೇಷ್ಟ್ರು ಗೊರಕೆ ಹೊಡೆದರು, ಎದ್ದರು, ಮತ್ತೆ ಗೊರಕೆ ಹೊಡೆದರು. ಕಾಲು ಸೆಳೆಯತೊಡಗಿತು. ಎಷ್ಟೋ ಹೊತ್ತಾಯಿತು. ಆಮೇಲೂ ಎಷ್ಟೋ ಹೊತ್ತಾಯಿತು. ನಾನು ಬಾಯಿಬಿಟ್ಟೆ.

"ಏನಮ್ಮಾ, ಹನ್ನೊಂದಾಯ್ತು. ತೆಗಿ."

"ಇನ್ನೂ ಆಗಿಲ್ಲ ಸಾರ್."

"ನನಗೆ ಹೇಳ್ಕೊಡ್ತೀಯಾ? ಮೂವತ್ತೊಂದು ವರ್ಷ ಮಾಡಿದ್ದು ಅದೇ ಕೆಲಸ. ಹನ್ನೊಂದು ಆಗಿ ಐದು ನಿಮಿಷ ಆಗಿದೆ. ನಿನ್ನ ಮಷೀನು ಕೆಟ್ಟಿದೆ, ಟಿವಿ ಕೆಟ್ಟ ಹಾಗೆ."

"ಸಾರ್, ದಯವಿಟ್ಟು..."

"ಮುಚ್ಚಿಟ್ಕೊಂಡು ನಾಟಕ ಆಡ್ತೀಯಾ? ತೆಗಿ ಆ ಪಟ್ಟಿನ. ಎಲ್ಲರೂ ನೋಡ್ಲಿ."

ಇಡೀ ಕೋಣೆ ಎದ್ದು ಕೂತಿತು. ರಿಮೋಟಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಉಗುರಿನಿಂದ ಪಟ್ಟಿಯ ಮೂಲೆ ಎತ್ತಿ ಪೂರ್ತಿ ಕಿತ್ತಳು. ಬಾಕಿ ಇದ್ದುದು ಎರಡು ಗಂಟೆ ಹತ್ತು ನಿಮಿಷ. ಅಂದರೆ ಇನ್ನೂ ಒಂಬತ್ತು ಗಂಟೆ ಕೂಡ ಆಗಿರಲಿಲ್ಲ.

"ಟೈಮ್ ಸಾರ್, ಇವತ್ತು ಬಸ್ಸು ಎರಡು ಗಂಟೆ ಮುಂಚೇನೇ ಬಂದ್ಬಿಡ್ತಲ್ಲ" ಅಂದರು ಮೇಷ್ಟ್ರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಟ್ಟೆ ಹಿಡಿದುಕೊಳ್ಳಲು ಒಂದೊಂದೇ ಕೈ ಇತ್ತು, ಅದು ಬೇರೆ ಮಾತು.

ನನಗೆ ಕೋಪವೂ ಬರಲಿಲ್ಲ. ಹೆದರಿಕೆಯಾಯಿತು. ಗಡಿಯಾರವೇ ಇಲ್ಲದ ಕೋಣೆಯಲ್ಲಿ ಇಷ್ಟು ದಿನ ಹತ್ತೂವರೆಯನ್ನು ಕರಾರುವಾಕ್ಕಾಗಿ ಹೇಳುತ್ತಿದ್ದೆನಲ್ಲ, ಅದು ನನ್ನ ತಲೆಯೊಳಗಿನ ಟೈಮಾಗಿರಲಿಲ್ಲ. ಆ ಟಿವಿಯದ್ದಾಗಿತ್ತು. ಅದಕ್ಕೂ ಮುಂಚೆ ಬಸ್ಸುಗಳದ್ದಾಗಿತ್ತು. ನನ್ನದು ಎನ್ನುವಂಥದ್ದು ಒಳಗೆ ಏನೂ ಇರಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಗೋಡೆಯ ಕಡೆ ತಿರುಗಿದೆ.

ರಿಮೋಟಕ್ಕ ನಗಲಿಲ್ಲ. ನನ್ನ ಬಿ.ಪಿ. ನೋಡಿದಳು, ಕಾಲು ತಿಕ್ಕಿದಳು. ಆಮೇಲೆ ಏನೂ ಆಗಿಲ್ಲದವಳ ಹಾಗೆ ಕೇಳಿದಳು. "ಸಾರ್, ಮೂವತ್ತೊಂದು ವರ್ಷ ಬಸ್ ಹೊರಡಿಸಿದೀರಲ್ಲ. ಹೇಗೆ ಕೂಗ್ತಿದ್ರಿ? ನಮಗೂ ಒಂದ್ಸಲ ಕೇಳಿಸಿ."

"ಸುಮ್ನಿರಮ್ಮ."

"ಬೆಳಗ್ಗೆ ಮೊದಲನೇದು ಯಾವುದು?"

"ಐದೂ ಹತ್ತು" ಎಂದು ಬಾಯಿಗೆ ತಾನೇ ಬಂತು. "ಮಾರ್ಕೆಟ್, ಹಳೇ ಸೇತುವೆ, ನೀರಿನ ಟ್ಯಾಂಕು, ಕಾಲೇಜು."

"ಆಮೇಲೆ?"

ಆಮೇಲೆ ಐದೂ ನಲವತ್ತು. ಅದನ್ನು ಮೈಕಿನ ದನಿಯಲ್ಲಿ ಕೂಗಿದೆ. ಆ ಬಸ್ಸಿಗೆ ತರಕಾರಿ ಬುಟ್ಟಿಯವರು ಹತ್ತುತ್ತಿದ್ದುದು, ಒಮ್ಮೆ ಬುಟ್ಟಿಯಿಂದ ತಪ್ಪಿಸಿಕೊಂಡ ಕೋಳಿ ಕಂಡಕ್ಟರನ ಚೀಲದ ಮೇಲೆ ಕೂತದ್ದು, ಅದನ್ನು ಇಳಿಸಲಾಗದೆ ಬಸ್ಸು ನಾಲ್ಕು ನಿಮಿಷ ತಡವಾಗಿ, ನಾನು ಪುಸ್ತಕದಲ್ಲಿ ಕಾರಣ 'ಕೋಳಿ' ಎಂದೇ ಬರೆದದ್ದು ಎಲ್ಲ ಹೇಳಿದೆ. ಎಂಟೂ ಹದಿನೈದರ ಬಸ್ಸಿಗೆ ದಿನಾ ಓಡಿ ಬರುತ್ತಿದ್ದ ಒಬ್ಬಳು ಕಾಲೇಜು ಹುಡುಗಿಯ ಕಥೆ ಬಂತು. ಅವಳ ಒಂದು ಕಾಲು ಚಿಕ್ಕದು. ಡ್ರೈವರು ಎಂಟೂ ಹದಿನೈದಕ್ಕೆ ಸರಿಯಾಗಿ ಹೊರಟು, ಮೂಲೆಯಲ್ಲಿ ತಿರುಗಿದ ಮೇಲೆ ಅವಳಿಗಾಗಿ ನಿಲ್ಲಿಸುತ್ತಿದ್ದ. ನನಗೆ ಕಾಣುತ್ತಿಲ್ಲ ಎಂದುಕೊಂಡಿದ್ದ. ನನಗೆ ಕಾಣುತ್ತಿತ್ತು, ಬರೆಯಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಟೈಲರಮ್ಮ ಮೂಗು ಒರೆಸಿಕೊಂಡರು. ಮೇಷ್ಟ್ರು, "ಆ ಹುಡುಗಿ ಪಾಸಾದ್ಲಾ?" ಎಂದು ಕೇಳಿದರು.

"ಐದೂ ನಲವತ್ತರಲ್ಲಿ ನಾನೂ ಇರ್ತಿದ್ದೆ ಸಾರ್, ಈಗಲೂ ಅದರಲ್ಲೇ ಬರೋದು" ಅಂದಳು ರಿಮೋಟಕ್ಕ. "ನಿಮ್ಮ ದನಿ ಕೇಳಿದ್ರೆ ಭಯ ಆಗ್ತಿತ್ತು. ಮುಖ ನೋಡಿರಲಿಲ್ಲ."

ಎಷ್ಟೋ ವರ್ಷ ಅವಳನ್ನು ಕೆಲಸಕ್ಕೆ ಕಳಿಸಿದವನು ನಾನೇ, ನನಗೂ ಅವಳ ಮುಖ ಗೊತ್ತಿರಲಿಲ್ಲ. ಹೀಗೆ ಹೇಳುತ್ತಾ ಹೇಳುತ್ತಾ ಹನ್ನೊಂದೂವರೆಯ ಬಸ್ಸಿಗೆ ಬಂದಿದ್ದೆ, ಯಂತ್ರ ಕಿಣಿಕಿಣಿ ಎಂದಿತು.

"ತಡಿಯಮ್ಮ, ಇನ್ನೂ ಮಧ್ಯಾಹ್ನದ ಬಸ್ಸುಗಳೆಲ್ಲ ಹಾಗೇ ಇವೆ" ಅಂದೆ.

"ನಾಲ್ಕು ಗಂಟೆ ಆಯ್ತು ಸಾರ್" ಅಂದಳು. ಐದು ತಿಂಗಳಲ್ಲಿ ಮೊದಲ ಸಲ ನಾನು ಪೂರ್ತಿ ನಾಲ್ಕು ಗಂಟೆ ಮುಗಿಸಿದ್ದೆ.

ಸೂಜಿ ತೆಗೆದ ಮೇಲೆ ಹತ್ತು ನಿಮಿಷ ಹತ್ತಿ ಇಟ್ಟು ಒತ್ತಿ ಹಿಡಿಯಬೇಕು. ಸಾಮಾನ್ಯವಾಗಿ ನಾವೇ ಹಿಡಿದುಕೊಳ್ಳುತ್ತೇವೆ. ಅಂದು ಆಕೆ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ತಾನೇ ಒತ್ತಿ ಹಿಡಿದಳು. ಆಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆ ಟಿವಿ ನಮ್ಮನೇದು ಸಾರ್" ಅಂದಳು. "ಅಪ್ಪಂದು. ಅಪ್ಪನೂ ಇಲ್ಲೇ, ಮೂರನೇ ಹಾಸಿಗೆ. ನಾನಾಗ ಹೊಸಬಳು. ಅರ್ಧ ಗಂಟೆ ಇರೋವಾಗ 'ಸಾಕು ಮಗಳೇ, ತೆಗಿ' ಅನ್ನೋರು. ಮಗಳಲ್ವಾ, ತೆಗೀತಿದ್ದೆ. ನಾನೇ ಕೈಯಾರೆ ತೆಗೀತಿದ್ದೆ. ಒಂದೂವರೆ ವರ್ಷ. ಎಲ್ಲ ಕೂಡಿಸಿ ನೋಡಿದೀನಿ, ನೂರಾ ಹದಿನೇಳು ಗಂಟೆ ಆಗುತ್ತೆ."

ಹತ್ತಿಯನ್ನು ಇನ್ನೊಂದಿಷ್ಟು ಒತ್ತಿದಳು.

"ಆ ನೂರಾ ಹದಿನೇಳು ಗಂಟೆನೂ ಮನೇಲಿ ಆ ಟಿವಿ ಮುಂದೆ ಕೂತ್ರು. ಏನ್ ನೋಡಿದ್ರಪ್ಪಾ ಅಂದ್ರೆ, 'ಏನೋ ಬರ್ತಿತ್ತು' ಅನ್ನೋರು. ಅವರು ಹೋದ ಮೇಲೆ ಯೋಚನೆ ಮಾಡಿದೆ. ಆ ಟಿವಿ ಇಲ್ಲೇ ಇದ್ದಿದ್ರೆ ಇಲ್ಲೇ ನೋಡ್ತಿದ್ರಲ್ಲ. ಇನ್ನೂ ಇರ್ತಿದ್ರಲ್ಲ. ಅದಕ್ಕೇ ತಂದು ಹಾಕಿದೆ. ಅಮ್ಮ ಬೇಡ ಅನ್ನಲಿಲ್ಲ. ಟಿವಿ ಹೋದ ಮೇಲೆ ಮನೇಲಿ ಸಂಜೆ ಉದ್ದ ಆಗಿದೆ ಕಣೇ ಅಂತಾಳೆ, ಬೇಜಾರಲ್ಲಿ ಅಲ್ಲ, ಖುಷೀಲೇ."

ರಕ್ತ ನಿಂತಿತ್ತು. ಆಕೆ ಪಟ್ಟಿ ಸುತ್ತಿ ಎದ್ದುಹೋದಳು. ಅವಳನ್ನು ಮೋಸಗಾತಿ ಎಂದು ನಾನು ಬೈದದ್ದು ಎಷ್ಟು ಸಲವೋ. ಅಂದು ಹಾಸಿಗೆಯಿಂದ ಇಳಿಯುವಾಗ ನಾಚಿಕೆಯಿಂದ ಚಪ್ಪಲಿಯೂ ಕಾಲಿಗೆ ಸಿಗಲಿಲ್ಲ.

ಮುಂದಿನ ಸರದಿಯ ಹೊತ್ತಿಗೆ ಟಿವಿ ರಿಪೇರಿಯಾಗಿ ಬಂತು, ಸಿನಿಮಾದ ಉಳಿದರ್ಧವೂ ಬಂತು. ನಾನು ಟಿವಿಯನ್ನು ಬೈಯುವವನಲ್ಲ. ಅದು ಇಲ್ಲದಿದ್ದರೆ ನನ್ನಂಥ ಎಷ್ಟು ಮಂದಿ ಹಾಸಿಗೆಯಿಂದ ಎದ್ದು ಓಡಿಹೋಗಿ ಮಣ್ಣು ಸೇರುತ್ತಿದ್ದರೋ. ಆದರೆ ಒಂದು ಮಾತು. ಆ ಪರದೆಯ ಮೇಲೆ ನೋಡಿದ ಸಿನಿಮಾಗಳಲ್ಲಿ ನಾಲ್ಕರ ಕಥೆಯನ್ನೂ ನಾನು ನೆಟ್ಟಗೆ ಹೇಳಲಾರೆ. ಆ ದಿನಗಳೆಲ್ಲ ಸೇರಿ ಒಂದೇ ದಿನದಷ್ಟಾಗಿವೆ. ಟಿವಿ ಕೆಟ್ಟ ಆ ಬೆಳಗು ಮಾತ್ರ ಒಂದೊಂದು ಬಸ್ಸಿನ ಸಮೇತ ನೆನಪಿದೆ. ಅವತ್ತೂ ಹೊತ್ತು ಹೋದದ್ದು ತಿಳಿಯಲಿಲ್ಲ, ಸಿನಿಮಾ ನೋಡುವಾಗಲೂ ತಿಳಿಯುವುದಿಲ್ಲ. ಎರಡೂ ಒಂದೇ ಅಲ್ಲ ಎಂದು ಐವತ್ತೆಂಟನೇ ವಯಸ್ಸಿನಲ್ಲಿ ಕಲಿತೆ. ಕಾಗದ ಕೇಳುವುದನ್ನು ಬಿಟ್ಟೆ. ಅವಳ ಮುಖ ನೋಡಿ ಬಿಟ್ಟೆ ಅನ್ನುವುದೇ ಸರಿ. ಅವಳ ಅಪ್ಪನ ವಿಷಯ ಕೇಳಿದ ಮೇಲೆ ಅವಳ ಕೈಯಿಂದಲೇ ಆ ಕಾಗದ ಇಸಿದುಕೊಳ್ಳಲು ನನಗೆ ಮುಖವಿರಲಿಲ್ಲ.

ಹಾಗಾಗಿ ಆಕೆ ಮೂರು ವಾರ ರಜ ಹಾಕಿದಾಗ ನನಗೆ ದಿಗಿಲಾಯಿತು. ಅವಳ ಅಮ್ಮನಿಗೆ ಕಣ್ಣಿನ ಆಪರೇಷನ್. ಬದಲಿಗೆ ಬಂದವರು ಬಲು ಒಳ್ಳೆಯ ಮನುಷ್ಯ, ಯಾರಿಗೂ ಬೇಸರವಾಗಬಾರದು ಎನ್ನುವ ಜಾತಿ. ರಿಮೋಟನ್ನು ಮೇಜಿನ ಮೇಲಿಟ್ಟರು, ಫೋನುಗಳನ್ನು ಒಳಗೆ ಬಿಟ್ಟರು. ಸಿನಿಮಾ ಬೆಳಗ್ಗೆ ಏಳೂ ಹತ್ತಕ್ಕೇ ಶುರುವಾಗಿ ಹತ್ತರೊಳಗೆ ಮುಗಿದುಹೋಯಿತು. ಆಮೇಲೆ ಎಲ್ಲರೂ ತಮ್ಮ ತಮ್ಮ ಫೋನು ಹಿಡಿದರು, ಟಿವಿ ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು. ಯಾರಾದರೂ ಅಲ್ಲಾಡಿದರೆ ಸಾಕು, "ಬೇಜಾರಾಯ್ತಾ? ತೆಗೆದುಬಿಡೋಣ ಬಿಡಿ" ಅನ್ನುತ್ತಿದ್ದರು. ಎರಡನೇ ದಿನಕ್ಕೇ ಮೇಷ್ಟ್ರು ಬೇಗ ಎದ್ದುಹೋದರು. ಮೂರನೇ ದಿನ ಇನ್ನಿಬ್ಬರು.

ಆ ಮೂರನೇ ದಿನ ಹತ್ತು ಇಪ್ಪತ್ತೈದರ ಹೊತ್ತಿಗೆ ನನ್ನ ಮೀನಖಂಡ ಗಂಟು ಕಟ್ಟಿತು. ಜೀವ ಬಾಯಿಗೆ ಬಂತು. "ಕಾಗದ ಕೊಡಿ" ಅಂದೆ. ಅವರು ಪೆನ್ನನ್ನೂ ತೆರೆದು ಕೈಗಿಟ್ಟರು. ನಿಲ್ಲಿಸಿದ ವೇಳೆ ಬರೆದೆ. ಕಾರಣದ ಖಾನೆಗೆ ಬಂದೆ. 'ಸ್ವಂತ' ಎಂದು ಬರೆದೆ. ಕೆಲಸ ಎಂದು ಬರೆಯಬೇಕು. ಯಾವ ಕೆಲಸ? ಮನೆಗೆ ಹೋಗಿ ಕಿಟಕಿಯ ಪಕ್ಕ ಕೂರುತ್ತೇನೆ, ಫೋನು ತೆಗೆಯುತ್ತೇನೆ, ಏನೋ ಬರುತ್ತಿರುತ್ತದೆ. ಯಾರೂ ನೋಡುತ್ತಿರಲಿಲ್ಲ, ಯಾರೂ ತಡೆಯುತ್ತಿರಲಿಲ್ಲ, ಬೈಯಲು ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಪೆನ್ನು ಹಿಡಿದುಕೊಂಡು ನನಗೆ ಅಳು ಬಂತು. ಕಾಲಿನ ನೋವಿಗೆ ಎಂದುಕೊಂಡರೋ ಏನೋ, ಪಾಪ, ಅವರು ಓಡಿಬಂದು ಕಾಲು ತಿಕ್ಕಿದರು.

"ತೆಗೀಲಾ ಸಾರ್?"

"ಬೇಡ. ಕಾಲು ತಿಕ್ಕಿ, ಅಷ್ಟು ಸಾಕು" ಎಂದು ಕಾಗದ ಮುದುರಿ ಎಸೆದೆ.

ಮೂವತ್ತೈದು ನಿಮಿಷ ಬಾಕಿ. ಪಕ್ಕದ ಹಾಸಿಗೆಗೆ ತಿರುಗಿದೆ. "ಟೈಲರಮ್ಮ, ಆ ಫೋನು ಆಚೆ ಇಡಿ. ನೀವು ಮೊದಲನೇ ಸಲ ಹೊಲಿದಿದ್ದು ಏನು?" ಅಂದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, ಆಮೇಲೆ ನಗುತ್ತಾ ಶುರುಮಾಡಿದರು. ಹದಿನಾರನೇ ವಯಸ್ಸಿನಲ್ಲಿ ಮಾವನಿಗೆ ಶರ್ಟು ಹೊಲಿದು, ಎರಡೂ ಬಲಗೈಯ ತೋಳುಗಳನ್ನೇ ಇಟ್ಟುಬಿಟ್ಟಿದ್ದರಂತೆ. ಮಾವ ತುಟಿಪಿಟಕ್ಕೆನ್ನದೆ ಅದನ್ನೇ ಹಾಕಿಕೊಂಡು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ದಿನವಿಡೀ ಓಡಾಡಿದರಂತೆ. "ಇವತ್ತಿಗೂ ತೋಳು ಇಡೋವಾಗ ಅವರನ್ನ ನೆನೆಸ್ಕೋತೀನಿ" ಅಂದರು. ಯಂತ್ರ ಕಿಣಿಕಿಣಿ ಎಂದಾಗ ಇಬ್ಬರದೂ ಒಟ್ಟಿಗೆ ಮುಗಿದಿತ್ತು.

ರಜ ಮುಗಿಸಿ ಬಂದ ದಿನ ರಿಮೋಟಕ್ಕ ಮಾಡಿದ ಮೊದಲ ಕೆಲಸ ಎಲ್ಲರ ಫೈಲು ತೆಗೆದದ್ದು. ಹಾಸಿಗೆಯಿಂದ ಹಾಸಿಗೆಗೆ ಬಂದಳು. ಮೇಷ್ಟ್ರಿಗೆ ಚೆನ್ನಾಗಿ ಬೈಗುಳ ಬಿತ್ತು. ಮೇಷ್ಟ್ರು ಕಂಬಳಿ ಮೂಗಿನವರೆಗೆ ಎಳೆದುಕೊಂಡು ಕೇಳಿಸಿಕೊಂಡರು. ನನ್ನ ಫೈಲಿನಲ್ಲಿ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಒಂಬತ್ತು ದಿನ. ನಾಲ್ಕು ಗಂಟೆ, ನಾಲ್ಕು ಗಂಟೆ, ನಾಲ್ಕು ಗಂಟೆ. ಮತ್ತೊಮ್ಮೆ ಮೇಲಿನಿಂದ ನೋಡಿದಳು.

"ನಾನಿಲ್ದೇನೂ ಕೂತಿದ್ರಾ ಸಾರ್?"

"ಕೂತಿದ್ದೆ."

"ನಾನು ದಿನಾ ಅಮ್ಮನ ಪಕ್ಕ ಕೂತ್ಕೊಂಡು ನಿಮ್ಮದೇ ಯೋಚನೆ ಮಾಡ್ತಿದ್ದೆ. ಇವತ್ತು ಎದ್ದುಹೋಗಿರ್ತಾರೆ, ಇವತ್ತು ಎದ್ದುಹೋಗಿರ್ತಾರೆ ಅಂತ." ಆಕೆ ಫೈಲಿನಿಂದ ಕಣ್ಣೆತ್ತಿದಳು. "ಯಾರು ತಡೆದ್ರು?"

ನನ್ನ ಬಾಯಿಗೆ ಒಂದು ಕೊಂಕು ಮಾತು ಬಂದೇ ಬಂದಿತ್ತು. ಅದನ್ನು ನುಂಗಿದೆ. ಈ ಹೆಂಗಸು ಸೂಜಿ ಹಾಕಿದ ಕೈಯನ್ನು, ತಿಕ್ಕಿದ ಕಾಲನ್ನು, ಸಹಿಸಿಕೊಂಡ ಬಾಯನ್ನು ನೆನೆಸಿಕೊಂಡೆ. ಅವಳ 'ಮೋಸ' ನನ್ನನ್ನು ಎಷ್ಟು ದಿನ ಉಳಿಸಿತ್ತೆಂದು ನೆನೆಸಿಕೊಂಡೆ.

"ಯಾರೂ ತಡೀಲಿಲ್ಲಮ್ಮ" ಅಂದೆ. "ನನಗೆ ಇನ್ನೂ ಸ್ವಲ್ಪ ದಿನ ಬದುಕಬೇಕು ಅನ್ನಿಸ್ತು. ನಿನ್ನಿಂದ ಅನ್ನಿಸ್ತು. ನಿನಗೆ ಎಷ್ಟು ಅಂದಿದೀನೋ, ಎಲ್ಲಾ ಮನ್ನಿಸಿಬಿಡು."

ಆಕೆ ಫೈಲು ಮುಚ್ಚಿ, ಸಿಂಕಿಗೆ ಹೋಗಿ, ತುಂಬ ಹೊತ್ತು ಕೈ ತೊಳೆದಳು. ಆಮೇಲೆ ಬಂದು ಎಂದಿನಂತೆ, "ಸ್ವಲ್ಪ ಚುರ್ ಅನ್ನುತ್ತೆ" ಅಂದಳು.

ಬಾಗಿಲು ಅರ್ಧ ತೆರೆದಿತ್ತು, ಹೊರಗಿನ ಬೆಂಚಿನಲ್ಲಿ ನನ್ನ ಹೆಂಡತಿ ಇದ್ದಳು. ನಾನು ಅದನ್ನು ಗಮನಿಸಿರಲಿಲ್ಲ. ಹನ್ನೊಂದೂಕಾಲಿಗೆ ಹೊರಬಂದೆ. ಅವಳು ನನ್ನ ಚೀಲ ಹಿಡಿದುಕೊಂಡಳು. ಬಸ್ಸಿಗೆ ಕಾಯುತ್ತಾ ನಿಂತೆವು. ಅದು ಮೂರು ನಿಮಿಷ ತಡ. ನಾನು ಏನೂ ಅನ್ನಲಿಲ್ಲ.

"ಇನ್ನೊಂದ್ಸಲ ಹೇಳಿ" ಅಂದಳು ಅವಳು, ರಸ್ತೆಯನ್ನೇ ನೋಡುತ್ತಾ.

"ಏನನ್ನ?"

"ಒಳಗೆ ಅಕ್ಕನ ಹತ್ರ ಹೇಳಿದ್ರಲ್ಲ, ಬದುಕಬೇಕು ಅಂತ, ಅದನ್ನ."

ಸುತ್ತ ಜನರಿದ್ದರು. ಆದರೂ ಹೇಳಿದೆ.